ಬುಲೆಟ್ಟಿನಿಂದ ವಿ8ವರೆಗೆ: ಹೈಡ್ರಾಲಿಕ್ ಟ್ಯಾಪೆಟ್ ಆರಿಸುವುದು ಹೇಗೆ?

ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಿಗೆ ಬರುವವರ ಹಳೆಯ ಪ್ರಶ್ನೆ ಒಂದಿದೆ: ‘ಟ್ಯಾಪೆಟ್ ಸೌಂಡ್ ಬರ್ತಿದೆ, ಏನ್ ಬದಲಾಯಿಸ್ಬೇಕು?’ ಎಂಜಿನ್ ಟ್ಯೂನ್ ಮಾಡಿಸುವ ಹುಚ್ಚು ಹೆಚ್ಚಾದ ಮೇಲೆ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ: ‘ಕ್ಯಾಮ್ ಬದಲಾಯಿಸ್ತಿದ್ದೀನಿ, ಯಾವ ಲಿಫ್ಟರ್ ಹಾಕಿಸ್ಲಿ?’ ಕ್ಯಾಮ್ ಅಂದರೆ ವಾಲ್ವ್ ತೆರೆಸುವ ಉಬ್ಬುಗಳಿರುವ ದಂಡ, ಲಿಫ್ಟರ್ ಅಂದರೆ ಟ್ಯಾಪೆಟ್ಟೇ. ಈ ಲೇಖನ ಎರಡನೆಯ ಪ್ರಶ್ನೆಗೆ. ಮೊದಲನೆಯದಕ್ಕೂ ದಾರಿಯಲ್ಲಿ ಉತ್ತರ ಸಿಗುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಲಿಫ್ಟರನ್ನು ಕೊನೆಯಲ್ಲಿ ಆರಿಸಬೇಕು. ಗಾಡಿ ದಿನಾ ಯಾವ ಆರ್‌ಪಿಎಂನಲ್ಲಿ ಓಡುತ್ತದೆ, ಅದಕ್ಕೆ ಎಂಥ ಕ್ಯಾಮ್ ಹೊಂದುತ್ತದೆ, ಆ ಕ್ಯಾಮಿಗೆ ಎಷ್ಟು ಬಿಗಿಯ ವಾಲ್ವ್ ಸ್ಪ್ರಿಂಗ್ ಬೇಕು, ಇಷ್ಟು ತೀರ್ಮಾನವಾಗಲಿ. ಆಮೇಲೆ ಲಿಫ್ಟರ್ ಆರಿಸುವುದು ಕಷ್ಟವಲ್ಲ. ಉಲ್ಟಾ ಹೋದವರು, ಅಂದರೆ ‘ರೇಸಿಂಗ್ ಲಿಫ್ಟರ್’ ಅಂತ ಪೆಟ್ಟಿಗೆ ತಂದು ಆಮೇಲೆ ಮಿಕ್ಕಿದ್ದನ್ನು ಯೋಚಿಸುವವರು, ದುಡ್ಡೂ ಕಳೆದುಕೊಳ್ಳುತ್ತಾರೆ, ಎಂಜಿನ್ನಿನ ಶಾಂತಿಯನ್ನೂ ಕಳೆದುಕೊಳ್ಳುತ್ತಾರೆ.

ಒಳಗೆ ಏನು ನಡೆಯುತ್ತದೆ?

ಪುಶ್‌ರಾಡ್ ಎಂಜಿನ್ನಿನಲ್ಲಿ ಕ್ಯಾಮ್ ಕೆಳಗಿರುತ್ತದೆ, ವಾಲ್ವ್ ಮೇಲೆ ಹೆಡ್ಡಿನಲ್ಲಿರುತ್ತದೆ. ಕ್ಯಾಮಿನ ಉಬ್ಬು, ಅಂದರೆ ಲೋಬ್, ಲಿಫ್ಟರನ್ನು ಎತ್ತುತ್ತದೆ. ಲಿಫ್ಟರ್ ಪುಶ್‌ರಾಡ್ ಅನ್ನುವ ಉದ್ದ ಕಡ್ಡಿಯನ್ನು ಎತ್ತುತ್ತದೆ. ಪುಶ್‌ರಾಡ್ ರಾಕರಿನ, ಅಂದರೆ ತಕ್ಕಡಿಯಂತೆ ಆಡುವ ತೋಳಿನ, ಒಂದು ತುದಿಯನ್ನು ಎತ್ತಿದಾಗ ಇನ್ನೊಂದು ತುದಿ ಕೆಳಗಿಳಿದು ವಾಲ್ವ್ ತೆರೆಯುತ್ತದೆ. ನಮ್ಮ ಮೆಕ್ಯಾನಿಕ್‌ಗಳು ಟ್ಯಾಪೆಟ್ ಅನ್ನುವುದೂ ಈ ಲಿಫ್ಟರನ್ನೇ. ಕೆಲವರು ರಾಕರಿನ ಸ್ಕ್ರೂವನ್ನೂ ಟ್ಯಾಪೆಟ್ ಅಂತಲೇ ಕರೆಯುತ್ತಾರೆ, ಹಾಗಾಗಿ ಅಂಗಡಿಯಲ್ಲಿ ಯಾವುದು ಬೇಕು ಅಂತ ಬಿಡಿಸಿ ಹೇಳುವುದು ಒಳ್ಳೆಯದು.

ಈ ಸಾಲಿನಲ್ಲಿ ಎಲ್ಲೋ ಒಂದು ಕಡೆ ಸಣ್ಣ ಸಂದು ಬೇಕೇ ಬೇಕು, ಯಾಕೆಂದರೆ ಬಿಸಿಯಾದಾಗ ಲೋಹ ಉದ್ದವಾಗುತ್ತದೆ. ಎಲ್ಲ ಲೋಹವೂ ಒಂದೇ ಸಮ ಉದ್ದವಾಗುವುದಿಲ್ಲ. 250 ಮಿ.ಮೀ. ಉದ್ದದ ಅಲ್ಯುಮಿನಿಯಂ 100 ಡಿಗ್ರಿ ಜಾಸ್ತಿ ಬಿಸಿಯಾದರೆ ಅರ್ಧ ಮಿ.ಮೀ.ಗಿಂತ ಸ್ವಲ್ಪ ಹೆಚ್ಚು ಬೆಳೆಯುತ್ತದೆ. ಅಷ್ಟೇ ಉದ್ದದ ಉಕ್ಕು ಸುಮಾರು ಅದರ ಅರ್ಧದಷ್ಟು ಮಾತ್ರ. ಸಿಲಿಂಡರು ಅಲ್ಯುಮಿನಿಯಂ, ಪುಶ್‌ರಾಡ್ ಉಕ್ಕು ಅಂತಿಟ್ಟುಕೊಳ್ಳಿ. ತಣ್ಣಗಿದ್ದಾಗ ಸರಿಯಾಗಿದ್ದ ಸಂದು ಬಿಸಿಯಾದಾಗ ಸರಿಯಿರುವುದಿಲ್ಲ. ಸಂದು ಜಾಸ್ತಿಯಾದರೆ ಟಕ್ ಟಕ್ ಸದ್ದು. ಸಂದು ಪೂರ್ತಿ ಹೋದರೆ ಇನ್ನೂ ಕೆಟ್ಟದ್ದು: ವಾಲ್ವ್ ಸರಿಯಾಗಿ ಕೂರುವುದಿಲ್ಲ, ಸುಡುತ್ತದೆ. ಗಟ್ಟಿ ಟ್ಯಾಪೆಟ್ ಇರುವ ಎಂಜಿನ್ನುಗಳಲ್ಲಿ ಆಗಾಗ ಫೀಲರ್ ಗೇಜ್ ಅನ್ನುವ ತೆಳು ಪಟ್ಟಿ ತೂರಿಸಿ ಟ್ಯಾಪೆಟ್ ಸೆಟ್ಟಿಂಗ್ ಮಾಡಿಸುವುದು ಇದಕ್ಕೇ.

ಹೈಡ್ರಾಲಿಕ್ ಲಿಫ್ಟರ್ ಈ ಸಂದನ್ನು ಎಂಜಿನ್ ಆಯಿಲ್‌ನಿಂದಲೇ ತುಂಬುತ್ತದೆ. ಹೊರಗೆ ಉಕ್ಕಿನ ಕೊಳವೆಯಂಥ ಮೈ. ಒಳಗೆ ಮೇಲೆ ಕೆಳಗೆ ಜಾರುವ ಪ್ಲಂಜರ್. ಪ್ಲಂಜರಿನ ಕೆಳಗೆ ಸಣ್ಣ ಸ್ಪ್ರಿಂಗ್. ಪ್ಲಂಜರಿನ ತಳದಲ್ಲಿ ಒಂದೇ ದಿಕ್ಕಿಗೆ ತೆರೆಯುವ ಚೆಕ್ ವಾಲ್ವ್. ಮೇಲೆ ಪುಶ್‌ರಾಡ್ ಕೂರುವ ಬಟ್ಟಲು, ಅದೆಲ್ಲ ಹೊರಗೆ ಬರದಂತೆ ಒಂದು ಕ್ಲಿಪ್. ಲೋಬ್ ದಾಟಿ ಕ್ಯಾಮಿನ ದುಂಡು ಭಾಗ ಕೆಳಗೆ ಬಂದಾಗ ಲಿಫ್ಟರಿನ ಮೇಲೆ ಹೆಚ್ಚು ಭಾರವಿಲ್ಲ. ಆಗ ಒಳಗಿನ ಸ್ಪ್ರಿಂಗ್ ಪ್ಲಂಜರನ್ನು ಮೇಲಕ್ಕೆ ತಳ್ಳಿ ಸಂದನ್ನು ಮುಚ್ಚುತ್ತದೆ. ಪಂಪಿನ ಒತ್ತಡದಲ್ಲಿ ಬಂದ ಆಯಿಲ್ ಚೆಕ್ ವಾಲ್ವ್ ದಾಟಿ ಪ್ಲಂಜರಿನ ಕೆಳಗೆ ತುಂಬಿಕೊಳ್ಳುತ್ತದೆ. ಲೋಬ್ ಎತ್ತಲು ಶುರು ಮಾಡಿದ ತಕ್ಷಣ ಚೆಕ್ ವಾಲ್ವ್ ಮುಚ್ಚುತ್ತದೆ. ಆಯಿಲ್ ಒಳಗೇ ಸಿಕ್ಕಿಕೊಳ್ಳುತ್ತದೆ. ನೀರು ತುಂಬಿದ ಸಿರಿಂಜಿನ ತುದಿಯನ್ನು ಬೆರಳಲ್ಲಿ ಮುಚ್ಚಿ ಹಿಂದಿನಿಂದ ಒತ್ತಿ ನೋಡಿ, ಅಲುಗುವುದಿಲ್ಲ ಅಲ್ವಾ? ಹಾಗೆ ಲಿಫ್ಟರ್ ಆ ಕ್ಷಣಕ್ಕೆ ಗಟ್ಟಿ ಉಕ್ಕಿನ ತುಂಡಿನಂತಾಗಿ ವಾಲ್ವನ್ನು ಎತ್ತುತ್ತದೆ.

ಆದರೆ ಪೂರ್ತಿ ಗಟ್ಟಿಯಲ್ಲ. ಪ್ಲಂಜರಿಗೂ ಮೈಗೂ ನಡುವೆ ಕೆಲವೇ ಮೈಕ್ರಾನಿನ ಸಂದಿರುತ್ತದೆ. ಅಲ್ಲಿಂದ ಪ್ರತಿ ಸಲವೂ ಚೂರು ಆಯಿಲ್ ಜಿನುಗುತ್ತದೆ. ಇದಕ್ಕೆ ಲೀಕ್ ಡೌನ್ ಅನ್ನುತ್ತಾರೆ. ಇದು ದೋಷವಲ್ಲ, ಬೇಕಂತಲೇ ಇಟ್ಟಿರುವುದು. ಎಂಜಿನ್ ಬಿಸಿಯಾಗಿ ಸಂದು ಕಡಿಮೆಯಾದಾಗ ಪ್ಲಂಜರ್ ಸ್ವಲ್ಪ ಕೆಳಗಿಳಿಯಲೇಬೇಕು, ಇಲ್ಲದಿದ್ದರೆ ವಾಲ್ವ್ ತೆರೆದೇ ಉಳಿಯುತ್ತದೆ. ಈ ಜಿನುಗು ಎಷ್ಟು ಅನ್ನುವುದರ ಮೇಲೆ ಲಿಫ್ಟರಿನ ಗುಣ ನಿಂತಿದೆ. ಆಡುಗೋಡಿಯ ಮೈಕೋ ಕಾರ್ಖಾನೆಯಲ್ಲಿ ಡೀಸೆಲ್ ಪಂಪಿನ ಪ್ಲಂಜರ್ ಕೆಲಸ ಮಾಡಿದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ: ಅಲ್ಲಿಯಂತೆ ಇಲ್ಲೂ ಪ್ಲಂಜರ್ ಮತ್ತು ಅದರ ಮನೆ ಜೋಡಿಯಾಗಿ ಹೊಂದಿಸಿದವು. ಒಂದು ಲಿಫ್ಟರಿನ ಪ್ಲಂಜರನ್ನು ಇನ್ನೊಂದಕ್ಕೆ ಹಾಕಬಾರದು. ತೊಳೆಯಲು ಎಲ್ಲವನ್ನೂ ಬಿಚ್ಚಿ ಒಂದೇ ಟ್ರೇಯಲ್ಲಿ ಸುರಿದರೆ ಆ ಸೆಟ್ ಮುಗಿಯಿತು.

ನಮ್ಮ ರಸ್ತೆಯಲ್ಲಿ ಯಾರಿಗೆ ಇದು ಬೇಕು?

ಹಳೆಯ ಕಬ್ಬಿಣದ ಸಿಲಿಂಡರಿನ ಬುಲೆಟ್ಟಿನಲ್ಲಿ ಟ್ಯಾಪೆಟ್ ಗಟ್ಟಿಯದು. ಎಂಜಿನ್ ತಣ್ಣಗಿರುವಾಗ ಪುಶ್‌ರಾಡ್ ಮೇಲೆ ಕೆಳಗೆ ಅಲ್ಲಾಡಬಾರದು, ಆದರೆ ಬೆರಳಲ್ಲಿ ಸಲೀಸಾಗಿ ತಿರುಗಬೇಕು ಅನ್ನುವ ಲೆಕ್ಕದಲ್ಲಿ ಸೆಟ್ ಮಾಡುತ್ತಿದ್ದರು. ಆಮೇಲೆ ಬಂದ, ಎಂಜಿನ್ನೂ ಗೇರ್‌ಬಾಕ್ಸೂ ಒಂದೇ ಪೆಟ್ಟಿಗೆಯಲ್ಲಿರುವ ಯುಸಿಇ ಎಂಜಿನ್ನಿನಲ್ಲಿ, ಅಂದರೆ 2009ರಲ್ಲಿ ಇಲ್ಲಿ ಬಿಡುಗಡೆಯಾದ ಕ್ಲಾಸಿಕ್ 350 ಮತ್ತು 500ರಂಥವುಗಳಲ್ಲಿ, ಪುಶ್‌ರಾಡ್ ಉಳಿಯಿತು, ಟ್ಯಾಪೆಟ್ ಹೈಡ್ರಾಲಿಕ್ ಆಯಿತು. ಈ ಗಾಡಿಗಳು ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತವೆ, ಟ್ಯೂನ್ ಮಾಡುವವರ ಕೈಗೆ ಬೀಳುತ್ತವೆ. ಹಾಗಾಗಿ ನಮ್ಮ ಊರಿನಲ್ಲಿ ಹೈಡ್ರಾಲಿಕ್ ಲಿಫ್ಟರಿನ ಮಾತು ಬಂದರೆ ಹೆಚ್ಚಾಗಿ ಅದು ಬುಲೆಟ್ಟಿನ ಮಾತು.

ಕಾರುಗಳಲ್ಲೂ ಇದೆ, ರೂಪ ಬೇರೆ. ಸ್ಕೋಡಾ ಆಕ್ಟೇವಿಯಾ 1.8 ಟರ್ಬೊದಲ್ಲಿ ಕ್ಯಾಮ್ ಮೇಲೆಯೇ ಇರುವುದರಿಂದ ಪುಶ್‌ರಾಡ್ ಇಲ್ಲ, ವಾಲ್ವಿನ ತಲೆಯ ಮೇಲೆ ಟೊಪ್ಪಿಯಂತೆ ಕೂರುವ ಹೈಡ್ರಾಲಿಕ್ ಬಕೆಟ್ ಇದೆ. ಇಂಥ ಎಂಜಿನ್ನುಗಳಲ್ಲಿ ಕಂಪನಿಯದ್ದೇ ಹೊಸ ಬಕೆಟ್ ಹಾಕಿಸುವುದು ಬಿಟ್ಟರೆ ಆರಿಸಲು ಹೆಚ್ಚೇನಿಲ್ಲ. ಇನ್ನು ಅಮೆರಿಕದ ವಿ8 ಎಂಜಿನ್ನುಗಳು, ಅಂದರೆ ವಿ ಆಕಾರದಲ್ಲಿ ಎಂಟು ಸಿಲಿಂಡರು ಇರುವವು. ಹಳೆಯ ಕಾರು, ಜೀಪುಗಳ ಹವ್ಯಾಸ ಇರುವವರ ಶೆಡ್ಡಿನಲ್ಲಿ ಮಾತ್ರ ಕಾಣುವ ಪದಾರ್ಥ. ಆದರೆ ಲಿಫ್ಟರಿನಲ್ಲಿ ಇರುವ ಬಗೆಬಗೆಯ ಆಯ್ಕೆಯೆಲ್ಲ ಹುಟ್ಟಿದ್ದು ಅವುಗಳಿಗಾಗಿಯೇ. ಹೈಡ್ರಾಲಿಕ್ ವಿದ್ಯೆ ಉತ್ಪಾದನೆಯ ಕಾರಿಗೆ ಬಂದದ್ದೂ ಅಲ್ಲೇ, 1930ರ ಕ್ಯಾಡಿಲಾಕ್ ವಿ16ರಲ್ಲಿ, ಸದ್ದು ಅಡಗಿಸುವ ಸಲುವಾಗಿ. ಹಾಗಾಗಿ ಮುಂದೆ ಕೊಡುವ ಅಂಕಿಗಳು ಹೆಚ್ಚಿನವು ವಿ8ರವು. ತತ್ವ ಬುಲೆಟ್ಟಿಗೂ ಒಂದೇ, ಅಂಕಿಯನ್ನು ಸುಮ್ನೆ ಎತ್ತಿಕೊಂಡು ಬಂದು ಹಾಕಬೇಡಿ.

ಬೆಂಗಳೂರಿನ ಬಗ್ಗೆ ಎರಡು ಮಾತು ಇಲ್ಲೇ ಹೇಳಬೇಕು. ನಾವು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದ್ದೇವೆ. ಗಾಳಿಯ ಒತ್ತಡ ಸುಮಾರು ಹತ್ತನೇ ಒಂದು ಪಾಲು ಕಡಿಮೆ. ಟರ್ಬೊ ಇಲ್ಲದ ಎಂಜಿನ್ನಿನ ಶಕ್ತಿಯೂ ಹೆಚ್ಚುಕಮ್ಮಿ ಅಷ್ಟೇ ಇಳಿಯುತ್ತದೆ. ಅದನ್ನು ತುಂಬಿಕೊಳ್ಳಲು ಜನ ದೊಡ್ಡ ಕ್ಯಾಮ್, ಹೆಚ್ಚು ಆರ್‌ಪಿಎಂ ಕಡೆ ಹೋಗುತ್ತಾರೆ. ಇನ್ನೊಂದು ಕಡೆ ನಮ್ಮ ಟ್ರಾಫಿಕ್. ಭಾನುವಾರ ಬೆಳಗ್ಗೆ ನಂದಿ ಬೆಟ್ಟದ ದಾರಿ ಬಿಟ್ಟರೆ ಮಿಕ್ಕ ದಿನವೆಲ್ಲ ಸಿಲ್ಕ್ ಬೋರ್ಡ್, ಹೆಬ್ಬಾಳ, ಔಟರ್ ರಿಂಗ್ ರೋಡ್. ಎಂಜಿನ್ ಬಿಸಿಯಾಗಿದೆ, ಆಯಿಲ್ ತೆಳ್ಳಗಾಗಿದೆ, ಐಡ್ಲಿಂಗ್‌ನಲ್ಲಿ ಆಯಿಲ್ ಒತ್ತಡ ಅತಿ ಕಡಿಮೆ. ಲಿಫ್ಟರಿಗೆ ಇದಕ್ಕಿಂತ ಕಷ್ಟದ ಪರೀಕ್ಷೆ ಇಲ್ಲ. 6,000 ಆರ್‌ಪಿಎಂನಲ್ಲಿ ಏನಾಗುತ್ತದೆ ಅಂತ ಯೋಚಿಸುವಷ್ಟೇ ಗಂಭೀರವಾಗಿ 900 ಆರ್‌ಪಿಎಂನಲ್ಲಿ ಏನಾಗುತ್ತದೆ ಅಂತಲೂ ಯೋಚಿಸಿ.

ಪಂಪ್ ಅಪ್: ತಪ್ಪು ಯಾರದು?

‘ಹೈಡ್ರಾಲಿಕ್ ಆದ್ರೆ ಮೇಲೆ ಎಳೆಯಲ್ಲ, ಪಂಪ್ ಅಪ್ ಆಗುತ್ತೆ’ ಅನ್ನುವ ಮಾತನ್ನು ಟ್ಯೂನರ್‌ಗಳಿಂದ ಕೇಳಿರುತ್ತೀರಿ. ಪಂಪ್ ಅಪ್ ನಿಜ. ಆದರೆ ಬೈಗುಳ ಹೋಗುವುದು ತಪ್ಪು ವಿಳಾಸಕ್ಕೆ.

ನಡೆಯುವುದು ಹೀಗೆ. 6,000 ಆರ್‌ಪಿಎಂನಲ್ಲಿ ಒಂದೊಂದು ವಾಲ್ವೂ ಸೆಕೆಂಡಿಗೆ 50 ಸಲ ತೆರೆದು ಮುಚ್ಚುತ್ತದೆ. ಮುಚ್ಚುವ ಕೆಲಸ ವಾಲ್ವ್ ಸ್ಪ್ರಿಂಗಿನದು. ಸ್ಪ್ರಿಂಗ್ ಸೋತಿದ್ದರೆ, ಅಥವಾ ಹೊಸ ಕ್ಯಾಮಿಗೆ ಸಾಲದೆ ಇದ್ದರೆ, ಲಿಫ್ಟರ್ ಲೋಬಿನ ಇಳಿಜಾರನ್ನು ಅನುಸರಿಸದೆ ಗಾಳಿಯಲ್ಲಿ ಹಾರುತ್ತದೆ. ಆ ಕ್ಷಣ ಸಾಲಿನಲ್ಲಿ ಎಲ್ಲೋ ಸಂದು ಹುಟ್ಟುತ್ತದೆ. ಲಿಫ್ಟರಿಗೆ ಗೊತ್ತಿರುವುದು ಒಂದೇ ಕೆಲಸ: ಸಂದು ಕಂಡರೆ ತುಂಬುವುದು. ಪ್ಲಂಜರ್ ಮೇಲೇರುತ್ತದೆ, ಆಯಿಲ್ ತುಂಬುತ್ತದೆ, ಚೆಕ್ ವಾಲ್ವ್ ಮುಚ್ಚುತ್ತದೆ. ಈಗ ವಾಲ್ವ್ ಕೂರಬೇಕಾದ ಹೊತ್ತಿಗೆ ಲಿಫ್ಟರ್ ಉದ್ದವಾಗಿದೆ. ವಾಲ್ವ್ ಚೂರು ತೆರೆದೇ ಉಳಿಯುತ್ತದೆ. ಕಂಪ್ರೆಷನ್ ಸೋರಿ ಎಂಜಿನ್ ಮುಗ್ಗರಿಸುತ್ತದೆ. ಪಿಸ್ಟನ್ನಿಗೂ ವಾಲ್ವಿಗೂ ನಡುವೆ ಜಾಗ ಕಡಿಮೆಯಿದ್ದರೆ ಎರಡೂ ತಾಗಬಹುದು. ಆಕ್ಸಿಲರೇಟರ್ ಬಿಟ್ಟ ಮೇಲೆ ಆಯಿಲ್ ಜಿನುಗಿ ಹೋಗಿ ಸ್ವಲ್ಪ ಹೊತ್ತಿನಲ್ಲಿ ಸರಿಯಾಗುತ್ತದೆ.

ಶುರುವಾದದ್ದು ಎಲ್ಲಿ? ಸ್ಪ್ರಿಂಗಿನಲ್ಲಿ. ಲಿಫ್ಟರ್ ತನ್ನ ಕೆಲಸ ಮಾಡಿತು ಅಷ್ಟೆ. ಹಾಗಾಗಿ ಎಂಜಿನ್ ಮೇಲಿನ ಆರ್‌ಪಿಎಂನಲ್ಲಿ ಮುಗ್ಗರಿಸಿದರೆ ಮೊದಲು ಸ್ಪ್ರಿಂಗಿನ ಒತ್ತಡ ಅಳೆಸಿ. ಸ್ಪ್ರಿಂಗ್ ಟೆಸ್ಟರ್ ಇರುವ ಒಳ್ಳೆಯ ಹೆಡ್ ರಿಪೇರಿ ಅಂಗಡಿಯಲ್ಲಿ ಇದು ಸಣ್ಣ ಕೆಲಸ. ಪುಶ್‌ರಾಡ್ ಬಾಗಿದೆಯಾ ಅಂತ ಗಾಜಿನ ಮೇಲೆ ಉರುಳಿಸಿ ನೋಡಿ. ತೆಳ್ಳಗಿನ ಪುಶ್‌ರಾಡ್ ವೇಗದಲ್ಲಿ ಬಿಲ್ಲಿನಂತೆ ಬಾಗಿ ಚಿಮ್ಮುತ್ತದೆ, ಅದರಿಂದಲೂ ಇದೇ ತೊಂದರೆ ಶುರುವಾಗುತ್ತದೆ.

ಹಾಗಂತ ಸಿಕ್ಕಾಪಟ್ಟೆ ಗಟ್ಟಿ ಸ್ಪ್ರಿಂಗ್ ಹಾಕುವುದೂ ಪರಿಹಾರವಲ್ಲ. ಆಗ ವಾಲ್ವ್ ತೆರೆದಿರುವಾಗ ಪ್ಲಂಜರಿನ ಮೇಲೆ ಭಾರ ಹೆಚ್ಚಾಗಿ ಆಯಿಲ್ ಬೇಗ ಜಿನುಗುತ್ತದೆ, ಲಿಫ್ಟರ್ ಕುಸಿಯುತ್ತದೆ, ವಾಲ್ವ್ ಎತ್ತಬೇಕಾದಷ್ಟು ಎತ್ತುವುದಿಲ್ಲ. ವಿ8ಗಳಲ್ಲಿ ಚಪ್ಪಟೆ ತಳದ ಹೈಡ್ರಾಲಿಕ್ ಲಿಫ್ಟರಿಗೆ ವಾಲ್ವ್ ಪೂರ್ತಿ ತೆರೆದಾಗ ಸುಮಾರು 135 ಕೆ.ಜಿ.ಯಷ್ಟು, ತಳದಲ್ಲಿ ಚಕ್ರ ಇರುವ ರೋಲರಿಗೆ 160ರಿಂದ 180 ಕೆ.ಜಿ.ಯಷ್ಟು ಸ್ಪ್ರಿಂಗ್ ಬಲ ಅನ್ನುವುದು ಸ್ಟ್ರೀಟ್ ಎಂಜಿನ್ ಕಟ್ಟುವವರ ರೂಢಿಯ ಅಂದಾಜು. ಕ್ಯಾಮ್ ಮಾಡಿದವರು ಆ ಕ್ಯಾಮಿಗೆ ಇಂಥ ಸ್ಪ್ರಿಂಗ್ ಅಂತ ಹೇಳಿರುತ್ತಾರೆ. ಅದನ್ನು ಪಾಲಿಸುವುದೇ ಸರಿ.

ಬುಲೆಟ್ಟಿನ ವಿಷಯದಲ್ಲಿ ಇನ್ನೊಂದು ಲೆಕ್ಕ. ಕ್ಲಾಸಿಕ್ 500ರ ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲಿಂದ ಕೆಳಗೆ ಓಡುವ ದೂರ, 90 ಮಿ.ಮೀ., ಗರಿಷ್ಠ ಶಕ್ತಿ 27.2 ಬಿಎಚ್‌ಪಿ ಬರುವುದು 5,250 ಆರ್‌ಪಿಎಂನಲ್ಲಿ. ಆಗ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 15.75 ಮೀಟರ್. ಅದನ್ನೇ 6,500ಕ್ಕೆ ಎಳೆದರೆ 19.5 ಮೀಟರ್ ಆಗುತ್ತದೆ. ಅಷ್ಟು ಉದ್ದ ಸ್ಟ್ರೋಕಿನ ಎಂಜಿನ್ನಿಗೆ ಅದು ಸಣ್ಣ ಮಾತಲ್ಲ. ಅಂದರೆ ಬುಲೆಟ್ಟಿನಲ್ಲಿ ಲಿಫ್ಟರ್ ಸೋಲುವ ಮುನ್ನ ಪಿಸ್ಟನ್, ಕನೆಕ್ಟಿಂಗ್ ರಾಡ್, ಬೇರಿಂಗ್‌ಗಳ ಬಗ್ಗೆ ಯೋಚಿಸಬೇಕಾಗುತ್ತದೆ. ಆ ಗಾಡಿಯ ಸೊಗಸಿರುವುದು 4,000 ಆರ್‌ಪಿಎಂನ 41.3 ನ್ಯೂಟನ್ ಮೀಟರ್ ಟಾರ್ಕಿನಲ್ಲಿ. ಅದನ್ನು ಇನ್ನಷ್ಟು ತುಂಬಿಕೊಡುವ ಸೌಮ್ಯ ಕ್ಯಾಮ್ ಹಾಕಿದರೆ ಕಂಪನಿಯ ಹೈಡ್ರಾಲಿಕ್ ಟ್ಯಾಪೆಟ್ಟೇ ಸಾಕು. ಹೈಡ್ರಾಲಿಕ್ ಕಿತ್ತು ಗಟ್ಟಿ ಟ್ಯಾಪೆಟ್ ಹಾಕಿಸುವ ಯೋಚನೆ ಇದ್ದರೆ ಒಂದು ಸಲ ನಿಂತು ಯೋಚಿಸಿ. ಆಫೀಸಿಗೆ ಓಡಿಸುವ ಗಾಡಿಗೆ ಅದರಿಂದ ಬರುವ ಲಾಭ ಕಡಿಮೆ, ಪದೇ ಪದೇ ಸೆಟ್ಟಿಂಗ್ ಮಾಡುವ ಕೆಲಸ ಜಾಸ್ತಿ.

ಚಪ್ಪಟೆ ತಳವೋ, ರೋಲರೋ?

ವಿ8 ಕಟ್ಟುವವರಿಗೆ ಇದು ಎಲ್ಲಕ್ಕಿಂತ ದೊಡ್ಡ ನಿರ್ಧಾರ.

ಚಪ್ಪಟೆ ತಳದ ಲಿಫ್ಟರ್ ನೋಡಲು ಚಪ್ಪಟೆ, ನಿಜವಾಗಿ ಅಲ್ಲ. ತಳ ಕಣ್ಣಿಗೆ ಕಾಣದಷ್ಟು ಉಬ್ಬಿರುತ್ತದೆ. ಲೋಬ್ ಕೂಡ ಒಂದು ಪಕ್ಕಕ್ಕೆ ಚೂರು ಓರೆ. ಇವೆರಡೂ ಸೇರಿ ಲಿಫ್ಟರ್ ತನ್ನ ಮನೆಯಲ್ಲಿ ನಿಧಾನ ತಿರುಗುತ್ತಿರುತ್ತದೆ, ಒಂದೇ ಜಾಗ ಸವೆಯುವುದಿಲ್ಲ. ತಿರುಗುವುದು ನಿಂತರೆ ಕೆಲವೇ ಗಂಟೆಗಳಲ್ಲಿ ಲೋಬ್ ಸವೆದು ದುಂಡಗಾಗುತ್ತದೆ. ಹಳೆಯ ಲಿಫ್ಟರ್ ಚೆನ್ನಾಗಿದೆಯಾ ಅಂತ ನೋಡಲು ಸುಲಭ ಉಪಾಯ ಇದೆ: ಎರಡು ಲಿಫ್ಟರುಗಳ ತಳವನ್ನು ಒಂದಕ್ಕೊಂದು ಒತ್ತಿ ಹಿಡಿದು ಅಲ್ಲಾಡಿಸಿ. ಚೂರು ತೂಗಾಡಿದರೆ ಉಬ್ಬು ಇನ್ನೂ ಇದೆ. ಎರಡೂ ಪೂರ್ತಿ ಅಂಟಿ ಕೂತರೆ ಸವೆದಿವೆ.

ಸವೆದ ಲಿಫ್ಟರನ್ನು ಹೊಸ ಕ್ಯಾಮಿನ ಮೇಲೆ ಎಂದೂ ಕೂರಿಸಬೇಡಿ. ಚಪ್ಪಟೆ ತಳದ್ದಾದರೆ ಹೊಸ ಕ್ಯಾಮಿಗೆ ಹೊಸ ಲಿಫ್ಟರೇ ಆಗಬೇಕು. ಹಳೆಯ ಕ್ಯಾಮೇ ಮುಂದುವರಿದರೆ ಒಂದೊಂದು ಲಿಫ್ಟರೂ ಯಾವ ಲೋಬಿನ ಮೇಲಿತ್ತೋ ಅಲ್ಲಿಗೇ ಹೋಗಬೇಕು. ಬಿಚ್ಚುವಾಗಲೇ ನಂಬರ್ ಬರೆದು ಇಡಿ.

ಚಪ್ಪಟೆ ತಳಕ್ಕೆ ಇನ್ನೊಂದು ಮಿತಿ, ಅದರ ಅಗಲ. ಲೋಬ್ ಎಷ್ಟು ಬೇಗ ಎತ್ತಬಹುದು ಅನ್ನುವುದು ತಳದ ಅಗಲದ ಮೇಲೆ ನಿಂತಿದೆ. ಷೆವರ್ಲೆ ವಿ8ರ ಲಿಫ್ಟರ್ 0.842 ಇಂಚು, ಫೋರ್ಡ್ 0.875, ಕ್ರೈಸ್ಲರ್ 0.904. ತೀರಾ ಚೂಪಾದ ಲೋಬ್ ಆದರೆ ತಳದ ಅಂಚೇ ಲೋಬಿಗೆ ಕಚ್ಚುತ್ತದೆ. ಕ್ರೈಸ್ಲರಿಗಾಗಿ ರೂಪಿಸಿದ ಕ್ಯಾಮಿನ ಲೋಬನ್ನು ಹಾಗೆಯೇ ಷೆವರ್ಲೆಗೆ ಕೆತ್ತಿಸಲು ಆಗದಿರುವುದು ಇದರಿಂದಲೇ.

ರೋಲರಿನಲ್ಲಿ ತಳಕ್ಕೆ ಸಣ್ಣ ಚಕ್ರ ಇರುತ್ತದೆ. ಉಜ್ಜುವ ಬದಲು ಉರುಳುತ್ತದೆ. ಲೋಬಿನ ಮೇಲೆ ಸವೆತ ಕಡಿಮೆ, ಘರ್ಷಣೆ ಕಡಿಮೆ, ವಾಲ್ವನ್ನು ಬೇಗ ತೆರೆದು ಹೆಚ್ಚು ಹೊತ್ತು ತೆರೆದಿಟ್ಟು ಬೇಗ ಮುಚ್ಚುವ ಲೋಬ್ ಹಾಕಬಹುದು. ಹೀಗಾಗಿ ಐಡ್ಲಿಂಗ್ ಕೆಡಿಸದೆ ಮೇಲೆ ಶಕ್ತಿ ಸಿಗುತ್ತದೆ. ನಮ್ಮ ಸಿಗ್ನಲ್‌ಗಳಿಗೆ ಇದು ದೊಡ್ಡ ಉಪಕಾರ. ಆದರೆ ಚಕ್ರ ಲೋಬಿಗೆ ನೇರವಾಗಿಯೇ ಇರಬೇಕು, ಲಿಫ್ಟರ್ ತಿರುಗಬಾರದು. ಅದಕ್ಕಾಗಿ ಎರಡೆರಡನ್ನು ಜೋಡಿಸುವ ಪಟ್ಟಿಯೋ, ಹಿಡಿದಿಡುವ ಗೈಡೋ ಬೇಕು. ಷೆವರ್ಲೆ ಸ್ಮಾಲ್ ಬ್ಲಾಕಿನಲ್ಲಿ ಕಂಪನಿಯೇ ರೋಲರ್ ಕೊಟ್ಟದ್ದು 1987ರಿಂದ. ಅದಕ್ಕೂ ಹಳೆಯ ಬ್ಲಾಕಿಗೆ ಹಾಕಬೇಕಾದರೆ ಜೋಡಿಪಟ್ಟಿ ಇರುವ ಲಿಫ್ಟರ್, ಬೇರೆ ಉದ್ದದ ಪುಶ್‌ರಾಡ್, ಬೇರೆ ಸ್ಪ್ರಿಂಗ್ ಎಲ್ಲ ಸೇರಿ ಬಿಲ್ಲು ಬೆಳೆಯುತ್ತದೆ. ರೋಲರ್ ಭಾರವೂ ಜಾಸ್ತಿ. ಹಾಗಾಗಿ ಸ್ಪ್ರಿಂಗ್ ಗಟ್ಟಿಯಾಗಬೇಕು.

ಹೊಸದಾಗಿ ಕಟ್ಟುವವರಿಗೆ, ಕೈಯಲ್ಲಿ ದುಡ್ಡಿದ್ದರೆ, ನಾನು ಹೇಳುವುದು ಹೈಡ್ರಾಲಿಕ್ ರೋಲರ್. ಹಳೆಯ ಕಾರನ್ನು ಇದ್ದ ಹಾಗೆಯೇ ಉಳಿಸಿಕೊಳ್ಳುವ ಆಸೆ ಇದ್ದರೆ ಚಪ್ಪಟೆ ತಳವೂ ಚೆನ್ನಾಗಿಯೇ ಬಾಳುತ್ತದೆ, ಆಯಿಲ್ ವಿಷಯದಲ್ಲಿ ಎಚ್ಚರ ಇದ್ದರೆ. ಚಪ್ಪಟೆಯದು ಸಾಮಾನ್ಯವಾಗಿ 5,500ರಿಂದ 6,000 ಆರ್‌ಪಿಎಂವರೆಗೆ, ರೋಲರ್ 6,000ದಿಂದ 6,500ರವರೆಗೆ ನೆಮ್ಮದಿಯಾಗಿ ಓಡುತ್ತವೆ. ಸ್ಟ್ರೀಟ್ ಗಾಡಿಗೆ ಅದಕ್ಕಿಂತ ಮೇಲೆ ಯಾವ ರಸ್ತೆಯಲ್ಲಿ ಬೇಕು?

ಹೆಸರಿನಲ್ಲಿ ಇರುವ ವ್ಯತ್ಯಾಸಗಳು

ಕ್ಯಾಟಲಾಗ್ ತೆರೆದರೆ ಆಂಟಿ ಪಂಪ್ ಅಪ್, ಶಾರ್ಟ್ ಟ್ರಾವೆಲ್, ಫಾಸ್ಟ್ ಬ್ಲೀಡ್ ಅಂತೆಲ್ಲ ಕಾಣುತ್ತವೆ. ಆಂಟಿ ಪಂಪ್ ಅಪ್‌ನಲ್ಲಿ ಮೇಲಿನ ಕ್ಲಿಪ್ ಗಟ್ಟಿ. ಪ್ಲಂಜರನ್ನು ಹೆಚ್ಚುಕಮ್ಮಿ ಆ ಕ್ಲಿಪ್ಪಿಗೆ ತಾಗಿದಂತೆಯೇ ಸೆಟ್ ಮಾಡುತ್ತಾರೆ. ಮೇಲೇರಲು ಜಾಗವೇ ಇಲ್ಲ, ಹಾಗಾಗಿ ಪಂಪ್ ಅಪ್ ಆದರೂ ವಾಲ್ವ್ ತೆರೆದು ಉಳಿಯುವಷ್ಟು ಆಗುವುದಿಲ್ಲ. ಬದಲಿಗೆ ಸ್ವಲ್ಪ ಸದ್ದು ಸಹಿಸಬೇಕು. ಮಾಮೂಲಿ ತಂತಿ ಕ್ಲಿಪ್ ಇರುವ ಲಿಫ್ಟರನ್ನು ಹೀಗೆ ಸೆಟ್ ಮಾಡಿದರೆ ಕ್ಲಿಪ್ ಹಾರಿಹೋಗುವ ಅಪಾಯ ಇದೆ.

ಶಾರ್ಟ್ ಟ್ರಾವೆಲ್ ನನಗೆ ಹೆಚ್ಚು ಇಷ್ಟವಾದ ಉಪಾಯ. ಮಾಮೂಲಿ ವಿ8 ಲಿಫ್ಟರಿನಲ್ಲಿ ಪ್ಲಂಜರ್ ಸುಮಾರು 4ರಿಂದ 5 ಮಿ.ಮೀ. ಓಡಾಡಬಲ್ಲದು. ಇದರಲ್ಲಿ ಅದಕ್ಕಿಂತ ತುಂಬ ಕಡಿಮೆ. ಪ್ಲಂಜರಿನ ಕೆಳಗಿನ ಆಯಿಲ್ ಪ್ರಮಾಣವೂ ಕಡಿಮೆ. ಆಯಿಲಿನಲ್ಲಿ ಗಾಳಿಯ ಗುಳ್ಳೆ ಸೇರಿದರೆ ಅದು ಒತ್ತಿದಾಗ ಕುಗ್ಗುತ್ತದೆ. ಆಯಿಲೇ ಕಡಿಮೆ ಇದ್ದರೆ ಕುಗ್ಗುವುದೂ ಕಡಿಮೆ. ಆದರೆ ಸೆಟ್ಟಿಂಗ್ ನಿಖರವಾಗಿ ಬೇಕು, ಪುಶ್‌ರಾಡ್ ಉದ್ದ ಅಳತೆ ಮಾಡಿಯೇ ತರಿಸಬೇಕು.

ಫಾಸ್ಟ್ ಬ್ಲೀಡ್ ಅನ್ನುವುದು ಬೇಕಂತಲೇ ಬೇಗ ಜಿನುಗುವ ಲಿಫ್ಟರ್. ಕಡಿಮೆ ಆರ್‌ಪಿಎಂನಲ್ಲಿ ಜಿನುಗಲು ಸಮಯ ಸಿಗುವುದರಿಂದ ವಾಲ್ವ್ ತಡವಾಗಿ ತೆರೆದು ಬೇಗ ಮುಚ್ಚುತ್ತದೆ, ದೊಡ್ಡ ಕ್ಯಾಮ್ ಕೂಡ ಸೌಮ್ಯವಾಗಿ ಐಡ್ಲ್ ಆಗುತ್ತದೆ. ಆರ್‌ಪಿಎಂ ಏರಿದಂತೆ ಜಿನುಗಲು ಸಮಯವಿಲ್ಲ, ಪೂರ್ತಿ ಕ್ಯಾಮ್ ಸಿಗುತ್ತದೆ. ಕೇಳಲು ಚೆಂದ. ಆದರೆ ಐಡ್ಲಿಂಗ್‌ನಲ್ಲಿ ಟಿಕ್ ಟಿಕ್ ಸದ್ದು ಖಾಯಂ. ಬಿಸಿ ಆಯಿಲ್, ಉದ್ದ ಸಿಗ್ನಲ್ ಇರುವ ಊರಿನಲ್ಲಿ ಇನ್ನೂ ಜಾಸ್ತಿ. ಕ್ಯಾಮ್ ತೀರಾ ದೊಡ್ಡದಾಯಿತು ಅನಿಸಿದರೆ ಒಂದು ಮೆಟ್ಟಿಲು ಸಣ್ಣ ಕ್ಯಾಮ್ ಹಾಕುವುದೇ ನೇರ ದಾರಿ. ಎಮಿಷನ್ ಟೆಸ್ಟಿನಲ್ಲೂ ಸಣ್ಣ ಕ್ಯಾಮೇ ಕೈ ಹಿಡಿಯುತ್ತದೆ: ದೊಡ್ಡ ಕ್ಯಾಮಿನಲ್ಲಿ ಐಡ್ಲಿಂಗ್ ಹೊತ್ತಿಗೆ ಸುಡದ ಪೆಟ್ರೋಲು ಹೊರಗೆ ಹೋಗುತ್ತದೆ.

ಪ್ರೀಲೋಡ್

ಒಳ್ಳೆಯ ಲಿಫ್ಟರ್ ತಂದೂ ಹಾಳು ಮಾಡಿಕೊಳ್ಳುವುದು ಇಲ್ಲಿ. ಪ್ರೀಲೋಡ್ ಅಂದರೆ ವಾಲ್ವ್ ಮುಚ್ಚಿರುವಾಗ ಪುಶ್‌ರಾಡ್ ಪ್ಲಂಜರನ್ನು ಕ್ಲಿಪ್ಪಿನಿಂದ ಎಷ್ಟು ಕೆಳಗೆ ಒತ್ತಿರುತ್ತದೆ ಅನ್ನುವ ಅಳತೆ. ಮಾಮೂಲಿ ಲಿಫ್ಟರಿಗೆ 0.5ರಿಂದ 1.5 ಮಿ.ಮೀ. ಒಳಗೆ ಇದ್ದರೆ ಸರಿ. ಇದಕ್ಕಿಂತ ಕಡಿಮೆಯಾದರೆ ಸದ್ದು. ತೀರಾ ಜಾಸ್ತಿಯಾದರೆ, ಪಂಪ್ ಅಪ್ ಆದಾಗ ವಾಲ್ವ್ ಅಷ್ಟು ಹೆಚ್ಚು ತೆರೆದು ಉಳಿಯುತ್ತದೆ.

ನಟ್ಟಿನಿಂದ ಹೊಂದಿಸುವ ರಾಕರ್ ಇದ್ದರೆ ಕ್ರಮ ಇದು. ಎಕ್ಸಾಸ್ಟ್ ವಾಲ್ವ್ ತೆರೆಯಲು ಶುರುವಾದಾಗ ಅದೇ ಸಿಲಿಂಡರಿನ ಇನ್‌ಟೇಕ್ ಸೆಟ್ ಮಾಡಿ. ಇನ್‌ಟೇಕ್ ಪೂರ್ತಿ ತೆರೆದು ಮುಚ್ಚುವ ಹಂತಕ್ಕೆ ಬಂದಾಗ ಎಕ್ಸಾಸ್ಟ್ ಸೆಟ್ ಮಾಡಿ. ಪುಶ್‌ರಾಡನ್ನು ಬೆರಳಲ್ಲಿ ಮೇಲೆ ಕೆಳಗೆ ಅಲ್ಲಾಡಿಸುತ್ತ ನಟ್ ಬಿಗಿ ಮಾಡಿ. ಅಲ್ಲಾಟ ನಿಂತ ಜಾಗವೇ ಸೊನ್ನೆ. ಪುಶ್‌ರಾಡ್ ತಿರುಗುವುದನ್ನು ನೋಡಿ ಸೊನ್ನೆ ಹುಡುಕಬೇಡಿ. ಆಯಿಲ್ ಹಚ್ಚಿದ ಹೊಸ ಲಿಫ್ಟರಿನ ಮೇಲೆ ಪುಶ್‌ರಾಡ್ ಸೊನ್ನೆ ದಾಟಿದ ಮೇಲೂ ತಿರುಗುತ್ತದೆ, ಮೋಸ ಹೋಗುತ್ತೀರಿ. ಸೊನ್ನೆಯ ಮೇಲೆ ಅರ್ಧ ಸುತ್ತು ಸಾಮಾನ್ಯವಾಗಿ ಸಾಕು.

ಆ ಅರ್ಧ ಸುತ್ತು ಎಷ್ಟಾಗುತ್ತದೆ ಗೊತ್ತಾ? ಇಂಚಿಗೆ 24 ಎಳೆಯ ಸ್ಟಡ್ಡಿನಲ್ಲಿ ಒಂದು ಸುತ್ತಿಗೆ ನಟ್ 1.06 ಮಿ.ಮೀ. ಇಳಿಯುತ್ತದೆ. ಆದರೆ ರಾಕರಿನ ವಾಲ್ವ್ ತುದಿ ಅಲುಗುವುದಿಲ್ಲ, ಪುಶ್‌ರಾಡ್ ತುದಿ ಮಾತ್ರ ಇಳಿಯುತ್ತದೆ. 1.5 ಅನುಪಾತದ ರಾಕರಿನಲ್ಲಿ ಅದು 1.76 ಮಿ.ಮೀ. ಆಗುತ್ತದೆ. ಅಂದರೆ ಅರ್ಧ ಸುತ್ತಿಗೆ ಸುಮಾರು 0.9, ಒಂದು ಪೂರ್ತಿ ಸುತ್ತಿಗೆ ಮೇಲೆ ಹೇಳಿದ ಮಿತಿಯೇ ದಾಟುತ್ತದೆ. ನಟ್ ಚೆನ್ನಾಗಿ ಕೂರಲಿ ಅಂತ ಇನ್ನೊಂಚೂರು ಬಿಗಿ ಮಾಡುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ.

ರಾಕರಿನಲ್ಲಿ ಹೊಂದಿಸುವ ವ್ಯವಸ್ಥೆ ಇಲ್ಲದ ಎಂಜಿನ್ನುಗಳಲ್ಲಿ ಪ್ರೀಲೋಡ್ ನಿರ್ಧರಿಸುವುದು ಪುಶ್‌ರಾಡಿನ ಉದ್ದ. ಹೆಡ್ ಪ್ಲೇನಿಂಗ್ ಮಾಡಿಸಿದಿರಿ, ತೆಳ್ಳಗಿನ ಗ್ಯಾಸ್ಕೆಟ್ ಹಾಕಿದಿರಿ, ದುಂಡು ಭಾಗ ಸಣ್ಣದಾಗುವಂತೆ ಕ್ಯಾಮ್ ಗ್ರೈಂಡಿಂಗ್ ಮಾಡಿಸಿದಿರಿ ಅಂದರೆ ಈ ಲೆಕ್ಕ ಬದಲಾಗಿರುತ್ತದೆ. ಮೊದಲ ಎರಡರಲ್ಲಿ ಪ್ರೀಲೋಡ್ ಹೆಚ್ಚುತ್ತದೆ, ಕೊನೆಯದರಲ್ಲಿ ಕಡಿಮೆಯಾಗುತ್ತದೆ. ಕ್ಯಾಮ್ ಗ್ರೈಂಡಿಂಗ್ ಆದ ಮೇಲೆ ಟ್ಯಾಪೆಟ್ ಸೌಂಡ್ ಶುರುವಾಯಿತು ಅನ್ನುವ ದೂರುಗಳ ಹಿಂದೆ ಬಹಳ ಸಲ ಇದೇ ಇರುತ್ತದೆ. ಪೀಣ್ಯದಲ್ಲಿ ಗ್ರೈಂಡಿಂಗ್ ಎಷ್ಟೇ ಚೊಕ್ಕವಾಗಿ ಮಾಡಿಕೊಟ್ಟರೂ ಎಷ್ಟು ತೆಗೆದರು ಅನ್ನುವ ಅಂಕಿ ಬರೆಸಿಕೊಂಡು ಬನ್ನಿ.

ಆಯಿಲ್ ಮತ್ತು ಸದ್ದು

ಲಿಫ್ಟರ್ ಆಯಿಲ್‌ನಿಂದಲೇ ಬದುಕುವ ಭಾಗ. ತೆಳ್ಳಗಿನ ಆಯಿಲ್ ಬೇಗ ಜಿನುಗುತ್ತದೆ. ಕೊಳೆಯಾದ ಆಯಿಲ್ ಚೆಕ್ ವಾಲ್ವಿನ ಕೆಳಗೆ ಕಸ ಕೂರಿಸುತ್ತದೆ. ಯುಸಿಇ ಬುಲೆಟ್ಟಿಗೆ 15ಡಬ್ಲ್ಯೂ-50 ಅಂತ ಕಂಪನಿ ಹೇಳಿದ್ದರೆ ಮೈಲೇಜ್ ಆಸೆಗೆ ತೆಳ್ಳಗಿನದು ಹಾಕಬೇಡಿ. ಅದರಲ್ಲಿ ಕ್ಲಚ್ ಕೂಡ ಅದೇ ಆಯಿಲಿನಲ್ಲಿ ಮುಳುಗಿರುವುದರಿಂದ ಜಾಸೊ ಎಂಎ ಗುರುತಿರುವ ಬೈಕ್ ಆಯಿಲ್ಲೇ ಆಗಬೇಕು, ಕಾರಿನ ಆಯಿಲಿನಲ್ಲಿ ಕ್ಲಚ್ ಜಾರಬಹುದು.

ಚಪ್ಪಟೆ ತಳದ ವಿ8ಗೆ ಬೇರೆ ಚಿಂತೆ. ಲೋಬನ್ನು ಕಾಪಾಡುವ ಸತು ಮತ್ತು ರಂಜಕದ ಅಂಶವನ್ನು ಹೊಸ ಕಾರುಗಳ ಪೆಟ್ರೋಲ್ ಎಂಜಿನ್ ಆಯಿಲ್‌ಗಳಲ್ಲಿ ಕಡಿಮೆ ಮಾಡಿದ್ದಾರೆ, ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಡದಿರಲಿ ಅಂತ. ತೆಳ್ಳಗಿನ ದರ್ಜೆಗಳಲ್ಲಿ ರಂಜಕದ ಮಿತಿ ಈಗ 0.08 ಶೇಕಡಾ. ರೋಲರಿಗೆ ಇದು ಸಾಕು. ಚಪ್ಪಟೆ ತಳಕ್ಕೆ ಹಳೆಯ ಎಂಜಿನ್ನುಗಳಿಗೆಂದೇ ಮಾಡಿದ, ಸತು ಹೆಚ್ಚಿರುವ ಆಯಿಲ್ ಹುಡುಕಿ ಹಾಕುವುದು ಒಳ್ಳೆಯದು.

ಇನ್ನು ಸದ್ದು. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಕೆಲವು ಸೆಕೆಂಡು ಟಿಕ್ ಅಂದು ನಿಂತರೆ ಹೆದರಬೇಡಿ. ರಾತ್ರಿ ನಿಂತಾಗ ಜಿನುಗಿದ ಆಯಿಲ್ ಮತ್ತೆ ತುಂಬಿಕೊಳ್ಳುತ್ತಿದೆ ಅಷ್ಟೆ. ತಣ್ಣಗಿದ್ದಾಗ ಸುಮ್ಮನಿದ್ದು ಟ್ರಾಫಿಕ್‌ನಲ್ಲಿ ಬಿಸಿಯಾದ ಮೇಲೆ ಸದ್ದು ಬಂದರೆ ಪ್ಲಂಜರ್ ಸವೆದಿರಬಹುದು, ಇಲ್ಲವೇ ಆಯಿಲ್ ಒತ್ತಡ ಬಿದ್ದಿರಬಹುದು. ಮೊದಲು ಒತ್ತಡದ ಮೀಟರ್ ಹಾಕಿ ನೋಡಿ. ಲಿಫ್ಟರ್ ಕೂರುವ ತೂತು ಸವೆದಿದ್ದರೂ ಒತ್ತಡ ಬೀಳುತ್ತದೆ, ಅಲ್ಲಿ ಹೊಸ ಲಿಫ್ಟರ್ ಹಾಕಿ ಪ್ರಯೋಜನವಿಲ್ಲ. ಯಾವಾಗಲೂ ಸದ್ದು ಇದ್ದರೆ ಪ್ರೀಲೋಡ್, ಸವೆದ ಲೋಬ್, ಅಥವಾ ಅಂಟಿಕೊಂಡ ಪ್ಲಂಜರ್. ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ರಾಕರ್ ಕವರಿಗೆ ಒತ್ತಿ ಹಿಡಿಯನ್ನು ಕಿವಿಗೆ ಇಟ್ಟು ಕೇಳುವ ನಮ್ಮ ಮೆಕ್ಯಾನಿಕ್‌ಗಳ ವಿಧಾನ ಇಂದಿಗೂ ಕೆಲಸಕ್ಕೆ ಬರುತ್ತದೆ. ಜೊತೆಗೆ ಸೈಲೆನ್ಸರ್ ಗ್ಯಾಸ್ಕೆಟ್ ಕಡೆಯೂ ಕಿವಿ ಕೊಡಿ. ಅಲ್ಲಿ ಹೊಗೆ ಸೋರಿದರೂ ಹುಬೇಹೂಬು ಟ್ಯಾಪೆಟ್ ಸದ್ದೇ ಬರುತ್ತದೆ.

ಕೊಳ್ಳುವಾಗ ಪೂರ್ತಿ ಸೆಟ್ ಕೊಳ್ಳಿ, ಒಂದೇ ಪೆಟ್ಟಿಗೆಯದು, ಬಿಲ್ಲಿನ ಸಮೇತ. ಬಿಡಿಯಾಗಿ ಕವರಿನಲ್ಲಿ ಹಾಕಿ ಕೊಡುವ, ಅರ್ಧ ಬೆಲೆಯ ಲಿಫ್ಟರ್ ಬೇಡ. ಮೈಕ್ರಾನಿನ ಲೆಕ್ಕದ ಭಾಗದಲ್ಲಿ ಡೂಪ್ಲಿಕೇಟ್ ಕಣ್ಣಿಗೆ ಕಾಣುವುದಿಲ್ಲ. ಕೂರಿಸುವ ಮೊದಲು ಲಿಫ್ಟರಿಗೆ ಆಯಿಲ್ ಹಚ್ಚಿ. ಆದರೆ ಪಂಪ್ ಮಾಡಿ ಗಟ್ಟಿ ತುಂಬಿದ್ದರೆ ಪ್ರೀಲೋಡ್ ಸೆಟ್ ಮಾಡುವಾಗ ವಾಲ್ವೇ ತೆರೆದುಕೊಳ್ಳುತ್ತದೆ ಅನ್ನುವುದು ನೆನಪಿರಲಿ. ಸ್ಟಾರ್ಟ್ ಮಾಡುವ ಮೊದಲು, ವ್ಯವಸ್ಥೆ ಇದ್ದರೆ, ಪಂಪನ್ನು ಡ್ರಿಲ್ಲಿನಿಂದ ತಿರುಗಿಸಿ ರಾಕರ್‌ವರೆಗೆ ಆಯಿಲ್ ಬರಿಸಿ.

ಚಪ್ಪಟೆ ತಳದ ಹೊಸ ಕ್ಯಾಮ್ ಆದರೆ ಮೊದಲ 20 ನಿಮಿಷ ಐಡ್ಲಿಂಗ್ ಬೇಡವೇ ಬೇಡ. ಲೋಬಿಗೆ ಆಯಿಲ್ ಬಹುಪಾಲು ಸಿಡಿದು ಬರುವುದು ಕ್ರ್ಯಾಂಕಿನಿಂದ, ಐಡ್ಲಿಂಗ್‌ನಲ್ಲಿ ಅದು ಸಾಲದು. 2,000ದಿಂದ 2,500 ಆರ್‌ಪಿಎಂ ನಡುವೆ ಏರಿಳಿಸುತ್ತ ಓಡಿಸಿ. ಹಾಗಾಗಿ ಪೆಟ್ರೋಲು, ಇಗ್ನಿಷನ್ ಟೈಮಿಂಗ್, ರೇಡಿಯೇಟರ್ ನೀರು ಎಲ್ಲ ಮೊದಲೇ ಸರಿ ಇರಬೇಕು. ಆಮೇಲೆ ಆಯಿಲ್ ಮತ್ತು ಫಿಲ್ಟರ್ ಎರಡನ್ನೂ ಬದಲಾಯಿಸಿ. ಹಳೆಯ ಫಿಲ್ಟರನ್ನು ಎಸೆಯದೆ ಕತ್ತರಿಸಿ, ಒಳಗಿನ ಕಾಗದದ ಮಡಿಕೆಗಳನ್ನು ಬಿಡಿಸಿ ಬಿಸಿಲಿನಲ್ಲಿ ಹಿಡಿದು ನೋಡಿ. ಒಂದೆರಡು ಚುಕ್ಕೆ ಮಿನುಗಿದರೆ ಹೊಸ ಎಂಜಿನ್ನಿಗೆ ಸಹಜ. ಮಡಿಕೆ ತುಂಬ ಬೆಳ್ಳಿಯಂಥ ಪುಡಿ ಇದ್ದರೆ ಯಾವುದೋ ಲೋಬ್ ಹೋಗಿದೆ. ಗಾಡಿ ಓಡಿಸಬೇಡಿ, ಅಂದೇ ಕ್ಯಾಮ್ ಹೊರಗೆ ತೆಗೆಸಿ.